ಹಾಲಕ್ಕಿ ಹಾಡಿನ ದಾಖಲಾತಿಗೆ ವೀಕ್ಷಕರ ಹತ್ತಿರ ದುಡ್ಡು ಕೇಳಬಹುದಾ? ಕೇಳಿದರೆ ಹೇಗೆ?

ತದಡಿ ದೋಣಿ:

ಅಂಕೋಲಾ–ಕುಮಟಾ ಕಡೆಯ ಒಂದು ಯೂಟ್ಯೂಬ್ ಚಾನೆಲ್, 38 ಸಾವಿರ ಚಂದಾದಾರರು. ಹೆಸರು ಇಲ್ಲಿ ಬೇಡ. ಹಾಲಕ್ಕಿ ಒಕ್ಕಲಿಗ ಹೆಂಗಸರ ಹಾಡು, ಗಂಡಸರ ಸುಗ್ಗಿ ಕುಣಿತ ಎರಡನ್ನೂ ಎಂಟು ದಿನ ಚಿತ್ರೀಕರಿಸಿ ಇಡಬೇಕು ಅಂತ ಅವರ ಯೋಜನೆ. "ನಾಲ್ಕೂವರೆ ಲಕ್ಷ ಬೇಕು, ನಿಮ್ಮ ಪ್ರೀತಿ ಇರಲಿ" ಎಂದು ವಿಡಿಯೊದ ಕೊನೆಗೆ ಕ್ಯೂಆರ್ ಹಾಕಿದ್ದಾರೆ. ಕೆಳಗೆ ಅರ್ಧ ಜನ ಕೈಮುಗಿದ ಚಿತ್ರ ಹಾಕಿದ್ದಾರೆ, ಉಳಿದರ್ಧ ಜನ "ಜಾಹೀರಾತಿನ ದುಡ್ಡು ಏನಾಯ್ತು, ಈಗ ಬೇಡೋಕೆ ಕೂತ್ರಾ" ಅಂತ ಬೈದಿದ್ದಾರೆ. ಬೈಗುಳ ನೋಡಿ ಗಾಬರಿಯಾಗಿ ನನ್ನ ಅಭಿಪ್ರಾಯ ಕೇಳಿದ್ದಾರೆ.

ಅವರ ಖರ್ಚಿನ ಪಟ್ಟಿ ಹೀಗಿದೆ: ಕ್ಯಾಮೆರಾ, ಎರಡು ಲೆನ್ಸ್ 2,10,000. ಡ್ರೋನ್ 90,000. ಮೈಕು, ರೆಕಾರ್ಡರ್ 45,000. ಓಡಾಟ, ಊಟ 40,000. ಎಡಿಟಿಂಗ್ 50,000. ಹಾಡುವವರಿಗೆ ಗೌರವಧನ 15,000.

ಎರಡು ಪ್ರಶ್ನೆ. ಹೀಗೆ ಕೇಳುವುದೇ ತಪ್ಪಾ? ತಪ್ಪಲ್ಲ ಅಂದರೆ, ಮುಂದೆ ಎಡವಟ್ಟಾಗದ ಹಾಗೆ ಹೇಗೆ ಕೇಳಬೇಕು?

ಲೆಕ್ಕದ ಮಾಣಿ:

ಕೇಳುವುದು ತಪ್ಪಲ್ಲ. ಈ ಪಟ್ಟಿ ಹಿಡಿದು ಕೇಳುವುದು ತಪ್ಪು.

ನಾಲ್ಕೂವರೆ ಲಕ್ಷದಲ್ಲಿ ಮೂರು ಲಕ್ಷ ಕ್ಯಾಮೆರಾ ಮತ್ತು ಡ್ರೋನಿಗೆ ಹೋಗಿದೆ. ಎಂಟು ದಿನದ ಕೆಲಸ ಮುಗಿದ ಮೇಲೂ ಅವೆರಡು ಚಾನೆಲ್‌ನವರ ಮನೆಯಲ್ಲೇ ಇರುತ್ತವೆ, ನಾಳೆ ಮದುವೆ ಆರ್ಡರಿಗೂ ಹೋಗುತ್ತವೆ. ಹಾಡುವವರಿಗೆ ಸಿಗುವುದು ನೂರಕ್ಕೆ ಮೂರು ರೂಪಾಯಿ ಚಿಲ್ಲರೆ. ಬೈದವರು ಈ ಲೆಕ್ಕ ಹಾಕಿ ಬೈದಿರಲಿಕ್ಕಿಲ್ಲ, ಆದರೆ ಅವರ ಮೂಗಿಗೆ ವಾಸನೆ ಬಡಿದಿದೆ. ಸಲಕರಣೆ ಬೇಕಿದ್ದರೆ "ನನಗೆ ಕ್ಯಾಮೆರಾ ಕೊಡಿಸಿ" ಅಂತಲೇ ಕೇಳಲಿ, ಕೊಡುವವರು ಕೊಡುತ್ತಾರೆ. ಹಾಲಕ್ಕಿ ಹಾಡಿನ ಹೆಸರಲ್ಲಿ ಕ್ಯಾಮೆರಾ ಕೊಳ್ಳಬಾರದು.

ಡ್ರೋನ್ ಮೊದಲು ತೆಗೆಯಿರಿ. ಕಾರವಾರ–ಅಂಕೋಲಾ ನಡುವೆ ಅರಗಾದಲ್ಲಿ ಕದಂಬ ನೌಕಾನೆಲೆ ಇದೆ, ಒಳಗಡೆ ಕೈಗಾ ಅಣುಸ್ಥಾವರ ಇದೆ. 2021ರ ಡ್ರೋನ್ ನಿಯಮದಲ್ಲಿ ಕೆಂಪು ವಲಯಕ್ಕೆ ಕೇಂದ್ರ ಸರ್ಕಾರದ ಅನುಮತಿ ಬೇಕು. ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ಡ್ರೋನ್ ವಲಯಗಳ ನಕ್ಷೆ ತೆರೆದು ಆ ಊರಿನ ಮೇಲೆ ಯಾವ ಬಣ್ಣ ಇದೆ ನೋಡದೆ ಡ್ರೋನಿಗೆ ದುಡ್ಡು ಎತ್ತಿದರೆ, ಹಾರಿಸಲಾಗದ ವಸ್ತುವಿಗೆ ಊರವರ ದುಡ್ಡು ಹಾಕಿದ ಹಾಗೆ. ಅಷ್ಟಕ್ಕೂ ಹಾಡು ಕೇಳುವುದಕ್ಕೆ ಮೇಲಿನಿಂದ ನೋಡಬೇಕಾಗಿಲ್ಲ.

ನಾನಾದರೆ ಪಟ್ಟಿ ಹೀಗೆ ಬರೆಯುತ್ತೇನೆ. ಕ್ಯಾಮೆರಾ, ಲೆನ್ಸ್ ಬಾಡಿಗೆ ದಿನಕ್ಕೆ 3,000 ಹಿಡಿದರೆ ಎಂಟು ದಿನಕ್ಕೆ 24,000. ಮೈಕು, ರೆಕಾರ್ಡರಿನ 45,000 ಹಾಗೇ ಇರಲಿ, ಇಲ್ಲಿ ಕಿವಿಯ ಕೆಲಸವೇ ದೊಡ್ಡದು. ಹತ್ತು ಹಾಡುಗಾರ್ತಿಯರು, ದಿನಕ್ಕೆ ತಲಾ 1,000, ಎಂಟು ದಿನಕ್ಕೆ 80,000. ಎಡಿಟಿಂಗ್ 50,000. ಓಡಾಟ, ಊಟ 40,000. ಹಾಡಿನ ಸಾಹಿತ್ಯ ಬರೆದುಕೊಂಡು ಅರ್ಥ ಹಾಕುವವರಿಗೆ 25,000. ಎರಡು ಹಾರ್ಡ್‌ಡಿಸ್ಕ್ 20,000. ಒಟ್ಟು 2,84,000. ಮಳೆ, ಸಾವು, ಸೂತಕ ಬಂದು ಒಂದು ದಿನ ಹಾಳಾದರೆ ಇರಲಿ ಅಂತ ಹತ್ತು ಶೇಕಡಾ ಸೇರಿಸಿ: 3,12,400. ಗುರಿ ಒಂದು ಲಕ್ಷದ ಮೂವತ್ತೇಳು ಸಾವಿರದಷ್ಟು ಇಳಿಯಿತು, ಹಾಡುವವರ ಪಾಲು ಕಾಲು ಭಾಗಕ್ಕೆ ಏರಿತು. ಬಾಡಿಗೆಯ ದರ ನಿಮ್ಮ ಊರಿನದ್ದು ಕೇಳಿ ತುಂಬಿಸಿ. ಕೊಟೇಶನ್ನಿನ ಫೋಟೊವನ್ನೇ ವಿಡಿಯೊದಲ್ಲಿ ತೋರಿಸಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಇನ್ನೊಂದು. ಎಂಟೂ ದಿನ ಒಟ್ಟಿಗೆ ಮಾಡುತ್ತೇವೆ ಅಂದುಕೊಂಡಿದ್ದರೆ ಆಗುವುದಿಲ್ಲ. ಸುಗ್ಗಿ ಕುಣಿತ ಫಾಲ್ಗುಣದ ಹುಣ್ಣಿಮೆಯ ಹೊತ್ತಿಗೆ. ಭತ್ತದ ಸಸಿ ನೆಡುವಾಗಿನ ನೆಟ್ಟಿಯ ಹಾಡು ಮಳೆ ಹಿಡಿದ ಮೇಲೆ ಗದ್ದೆಯಲ್ಲಿ. ಮಾರ್ಚಿನಲ್ಲಿ ಒಣ ಗದ್ದೆಯಲ್ಲಿ ಹೆಂಗಸರನ್ನು ಸಾಲಾಗಿ ನಿಲ್ಲಿಸಿ ನೆಟ್ಟಿ ಹಾಡು ಹಾಡಿಸಿದರೆ ಅದು ನಾಟಕ. ಎರಡು ಕಂತು ಮಾಡಿ, ಮೊದಲ ಕಂತಿನ ಲೆಕ್ಕ ಮತ್ತು ವಿಡಿಯೊ ಕೊಟ್ಟ ಮೇಲೆ ಎರಡನೆಯದಕ್ಕೆ ಕೇಳಿ.

ಅಡಕೆ ಚೊಗರು, ಶಿರಸಿ:

ಮಾಣಿ ಹೇಳಿದ ಲೆಕ್ಕ ಸರಿ. ನನ್ನದು ಅದಕ್ಕೂ ಹಿಂದಿನ ಮಾತು: ಯಾವ ಥರದ ದುಡ್ಡು ಕೇಳುತ್ತಿದ್ದೇವೆ ಅಂತ ಅವರಿಗೇ ಗೊತ್ತಿಲ್ಲ.

ನಮ್ಮ ಕಡೆ ಮೂರು ಥರ ಇದೆ, ಯಾರಿಗೂ ಗೊಂದಲ ಇಲ್ಲ. ಯಕ್ಷಗಾನದ ಹರಕೆಯ ಆಟ: ದುಡ್ಡು ಒಬ್ಬರು ಹಾಕುತ್ತಾರೆ, ಊರೆಲ್ಲ ಬಿಟ್ಟಿ ನೋಡುತ್ತದೆ. ಡೇರೆ ಆಟ: ಟಿಕೆಟ್ ಕೊಂಡವನು ಒಳಗೆ, ಚೆನ್ನಾಗಿಲ್ಲದಿದ್ದರೆ ಬೈಯುವ ಹಕ್ಕೂ ಅವನದ್ದು. ಸೊಸೈಟಿಯ ಶೇರು: ಶಿರಸಿಯಲ್ಲಿ ತೋಟಗಾರರ ಸೇಲ್ ಸೊಸೈಟಿ 1923ರಿಂದ ಇದೆ, ಶೇರುದಾರ ಸಭೆಯಲ್ಲಿ ಎದ್ದು ನಿಂತು ಲೆಕ್ಕ ಕೇಳಬಹುದು, ಮತ ಹಾಕಬಹುದು. ಯೂಟ್ಯೂಬಿನವರು ವಂತಿಗೆ ಎತ್ತುವಾಗ ಹರಕೆಯ ಮಾತಾಡುತ್ತಾರೆ, "ನೀವೇ ಇದರ ನಿರ್ಮಾಪಕರು" ಅಂತ ಶೇರಿನ ಆಸೆ ಹುಟ್ಟಿಸುತ್ತಾರೆ, ಕಡೆಗೆ ವಿಡಿಯೊಕ್ಕೆ ಜಾಹೀರಾತು ಹಾಕಿ ಡೇರೆಯ ಹಾಗೆ ದುಡಿಯುತ್ತಾರೆ. ಸಿಟ್ಟು ಬರುವುದು ಅಲ್ಲಿ.

ಜನರ ದುಡ್ಡಿನಲ್ಲಿ ದೊಡ್ಡ ಕೆಲಸ ಆದದ್ದಕ್ಕೆ ಉದಾಹರಣೆ ಬೇಕಾದಷ್ಟಿದೆ. 1976ರ 'ಮಂಥನ್' ಚಿತ್ರಕ್ಕೆ ಗುಜರಾತಿನ ಐದು ಲಕ್ಷ ಹಾಲು ಉತ್ಪಾದಕರು ತಲಾ ಎರಡೆರಡು ರೂಪಾಯಿ ಹಾಕಿದ್ದರು. ಕನ್ನಡದಲ್ಲಿ 2013ರಲ್ಲಿ ಬಂದ 'ಲೂಸಿಯಾ' ಅಂತರ್ಜಾಲದಲ್ಲಿ ಜನರಿಂದಲೇ ದುಡ್ಡು ಎತ್ತಿ ಆದ ಚಿತ್ರ. ಎರಡರಲ್ಲೂ ಗಮನಿಸಬೇಕಾದ್ದು: ಹಾಲಿನವರಿಗೆ ಅದು ತಮ್ಮದೇ ಕಥೆ, 'ಲೂಸಿಯಾ'ದ ನಿರ್ದೇಶಕ ಪವನ್ ಕುಮಾರ್ ಅದಕ್ಕೂ ಮೊದಲೇ ಒಂದು ಚಿತ್ರ ಮಾಡಿ ಮುಗಿಸಿದ್ದರು. ಮುಗಿಸಿ ತೋರಿಸಿದವನು ಕೇಳಿದರೆ ಜನ ಕೊಡುತ್ತಾರೆ. ಈ ಚಾನೆಲ್‌ನವರು ಇಲ್ಲಿಯವರೆಗೆ ಒಂದೇ ಒಂದು ಹಾಡನ್ನಾದರೂ ಸಾಹಿತ್ಯ, ಅರ್ಥ ಸಮೇತ ಪೂರ್ತಿ ಹಾಕಿದ್ದಾರಾ? ಇಲ್ಲದಿದ್ದರೆ ಸ್ವಂತ ಖರ್ಚಿನಲ್ಲಿ ಒಂದು ಮಾಡಿ ಹಾಕಲಿ, ಹದಿನೈದು ನಿಮಿಷದ್ದು ಸಾಕು. ಮಾದರಿ ನೋಡದೆ ಯಾರೂ ಅಡಕೆ ಚೀಲ ಕೊಳ್ಳುವುದಿಲ್ಲ.

ಇನ್ನು "ಲಾಭದಲ್ಲಿ ಪಾಲು", "ದುಡ್ಡು ಬಡ್ಡಿ ಸಮೇತ ವಾಪಸ್" ಎಂಬ ಮಾತು ಬಾಯಲ್ಲೂ ಬರಬಾರದು. ಸಾರ್ವಜನಿಕರಿಂದ ಹಾಗೆ ದುಡ್ಡು ತೆಗೆದುಕೊಂಡರೆ 2019ರ ಅನಿಯಂತ್ರಿತ ಠೇವಣಿ ನಿಷೇಧ ಕಾಯಿದೆಯ ಬಾಯಿಗೆ ಬೀಳುತ್ತಾರೆ.

ಕೇಳುವ ಕಾಲವೂ ಮುಖ್ಯ. ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆ ಬಂದ್, ಆಗ ಕಾರವಾರ, ತದಡಿಯಲ್ಲಿ ಯಾರ ಕೈಯಲ್ಲೂ ದುಡ್ಡು ಆಡುವುದಿಲ್ಲ. ಘಟ್ಟದ ಮೇಲೆ ಕೊಯ್ಲು ಮುಗಿದು ಅಡಕೆ ಮಾರಾಟವಾಗುವುದು ಚಳಿಗಾಲ ಕಳೆಯುವಾಗ. ಡಿಸೆಂಬರಿನಲ್ಲಿ ಕೇಳಲು ಶುರುಮಾಡಿ ಜನವರಿ ಕೊನೆಗೆ ಮುಗಿಸಿದರೆ ಸುಗ್ಗಿಗೆ ಕೈಯಲ್ಲಿ ದುಡ್ಡಿರುತ್ತದೆ. ಫೆಬ್ರವರಿಯಲ್ಲಿ ಶುರುಮಾಡಿದರೆ ಹುಣ್ಣಿಮೆ ಕಳೆದು ಹೋಗುತ್ತದೆ, ಮತ್ತೆ ಒಂದು ವರ್ಷ ಊರವರಿಗೆ ಸಬೂಬು ಹೇಳುತ್ತಾ ಕೂರಬೇಕು.

ಪಾಸ್‌ಬುಕ್ ನಾಯ್ಕ:

ಬ್ಯಾಂಕು, ತೆರಿಗೆ ಬಗ್ಗೆ ಯಾರೂ ಬರೆದಿಲ್ಲ. ಹೆಚ್ಚು ಜನ ಸಿಕ್ಕಿಹಾಕಿಕೊಳ್ಳುವುದು ಇಲ್ಲಿ.

ಆ ಕ್ಯೂಆರ್ ಯಾವ ಖಾತೆಯದ್ದು? ಮನೆಯ ಉಳಿತಾಯ ಖಾತೆಯದ್ದಾದರೆ ಇವತ್ತೇ ತೆಗೆಸಿ. ಬೇರೆ ಯಾರನ್ನೋ ವಂಚಿಸಿ ಕದ್ದ ದುಡ್ಡಿನಲ್ಲಿ 500 ರೂಪಾಯಿ ಈ ಖಾತೆಗೆ ಬಂದಿದ್ದರೂ ಸಾಕು. ಆ ಕಡೆಯವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಟ್ಟರೆ ಜಾಡು ಹಿಡಿದು ಬಂದು ಖಾತೆಗೆ ತಡೆ ಹಾಕುತ್ತಾರೆ. ಕೆಲವೊಮ್ಮೆ ಆ 500ಕ್ಕೆ, ಕೆಲವೊಮ್ಮೆ ಇಡೀ ಖಾತೆಗೆ. ಬಿಡಿಸಿಕೊಳ್ಳಲು ಬೇರೆ ರಾಜ್ಯದ ಠಾಣೆಯ ಜೊತೆ ಪತ್ರವ್ಯವಹಾರ. ಅಷ್ಟರವರೆಗೆ ಡೇರಿಯ ಹಾಲಿನ ದುಡ್ಡು, ಸಾಲದ ಕಂತು ಎಲ್ಲ ಅದರಲ್ಲೇ ಸಿಕ್ಕಿಬೀಳುತ್ತದೆ.

ಹಾಗಾಗಿ ಈ ಕೆಲಸಕ್ಕೇ ಬೇರೆ ಖಾತೆ. ಉದ್ಯಮ ನೋಂದಣಿ ಆನ್‌ಲೈನಿನಲ್ಲಿ ಪುಕ್ಕಟೆ ಆಗುತ್ತದೆ, ಆ ಪ್ರಮಾಣಪತ್ರ ಹಿಡಿದು ಹೋದರೆ ಚಾಲ್ತಿ ಖಾತೆ ತೆರೆಯುವುದು ಸುಲಭ. ಇಬ್ಬರ ಸಹಿ ಬೇಕಾದ ಜಂಟಿ ಖಾತೆ ಒಳ್ಳೆಯದು ಅಂತ ಸಲಹೆ ಕೊಡುವವರಿದ್ದಾರೆ. ನಂಬಿಕೆಗೆ ಒಳ್ಳೆಯದೇ, ಆದರೆ ಇಬ್ಬರೂ ಸೇರಿ ನಡೆಸುವ ಖಾತೆಗೆ ಸಾಮಾನ್ಯವಾಗಿ ಯುಪಿಐ ಸಿಗುವುದಿಲ್ಲ. ಯುಪಿಐ ಐಡಿಯಲ್ಲಿ ಮೊಬೈಲ್ ನಂಬರ್ ಇರದ ಹಾಗೆ ನೋಡಿಕೊಳ್ಳಿ. ಸ್ಕ್ಯಾನ್ ಮಾಡಿದಾಗ ಪರದೆಯಲ್ಲಿ ಯಾವ ಹೆಸರು ಬರಬೇಕು ಅಂತ ವಿಡಿಯೊದಲ್ಲಿ ಬಾಯಿಬಿಟ್ಟು ಹೇಳಿ. ಅದೇ ವಿಡಿಯೊ ಕದ್ದು ಕ್ಯೂಆರ್ ಮಾತ್ರ ಬದಲಿಸಿ ಬೇರೆ ಪುಟದಲ್ಲಿ ಹಾಕುವವರಿದ್ದಾರೆ, ಅವರಿಂದ ಉಳಿಯುವ ದಾರಿ ಇದೊಂದೇ.

ರಶೀದಿ ಪುಸ್ತಕದ ಬದಲು ಯುಟಿಆರ್ ಎಂಬ ಪಾವತಿ ಸಂಖ್ಯೆ ಇದೆ, ಪ್ರತಿ ಯುಪಿಐ ಪಾವತಿಗೆ ಹನ್ನೆರಡು ಅಂಕಿಯದ್ದು. ವಾರಕ್ಕೊಮ್ಮೆ ಸ್ಟೇಟ್‌ಮೆಂಟ್ ಇಳಿಸಿಕೊಂಡು ದಿನಾಂಕ, ಮೊತ್ತ, ಯುಟಿಆರಿನ ಕೊನೆಯ ನಾಲ್ಕು ಅಂಕಿ, ಇಷ್ಟನ್ನು ಎಲ್ಲರಿಗೂ ಕಾಣುವ ಶೀಟಿನಲ್ಲಿ ಹಾಕಿ. ಹೆಸರು ಬೇಡ. ಕೊಟ್ಟವನಿಗೆ ತನ್ನ ದುಡ್ಡು ಸೇರಿದ್ದು ಗೊತ್ತಾಗುತ್ತದೆ, ಪಕ್ಕದ ಮನೆಯವನು ಎಷ್ಟು ಕೊಟ್ಟ ಅಂತ ಊರಿಗೆ ಗೊತ್ತಾಗುವುದಿಲ್ಲ. ಖರ್ಚಿನ ಬಿಲ್ಲೂ ಅದೇ ಶೀಟಿನ ಪಕ್ಕದ ಪುಟದಲ್ಲಿ.

ತೆರಿಗೆ. ಸಂಬಂಧಿಕರಲ್ಲದವರಿಂದ ಒಂದು ಹಣಕಾಸು ವರ್ಷದಲ್ಲಿ ಬಂದ ಉಡುಗೊರೆಯ ದುಡ್ಡು ಒಟ್ಟು 50,000 ದಾಟಿದರೆ, ದಾಟಿದ ಭಾಗ ಮಾತ್ರವಲ್ಲ, ಅಷ್ಟೂ ಆದಾಯಕ್ಕೆ ಸೇರುತ್ತದೆ. ಚಾನೆಲ್ಲಿನಿಂದ ದುಡಿಯುವವರು ಇದನ್ನು ವೃತ್ತಿಯ ಆದಾಯ ಅಂತಲೇ ತೋರಿಸಿ ಖರ್ಚು ಕಳೆಯುವುದು ಮೇಲು. ಇಲ್ಲೂ ಕ್ಯಾಮೆರಾ ಕಾಲು ಹಿಡಿದು ಎಳೆಯುತ್ತದೆ: ಬಾಡಿಗೆ ಕೊಟ್ಟರೆ ಪೂರ್ತಿ ಖರ್ಚು, ಕೊಂಡರೆ ಆಸ್ತಿ. ವರ್ಷಕ್ಕೆ 15 ಶೇಕಡಾ ಸವಕಳಿ ಮಾತ್ರ ಕಳೆಯಬಹುದು, ಆ ವರ್ಷ ಬಳಸಿದ್ದು 180 ದಿನಕ್ಕಿಂತ ಕಡಿಮೆಯಾದರೆ ಅದರರ್ಧ. ಅಂದರೆ ಮಾರ್ಚಿನಲ್ಲಿ 2,10,000 ಕೊಟ್ಟು ಕೊಂಡದ್ದಕ್ಕೆ ಆ ವರ್ಷ ಖರ್ಚು ಅಂತ ತೋರಿಸಲಿಕ್ಕೆ ಸಿಗುವುದು 15,750. ಒಟ್ಟು ಆದಾಯ ಮಿತಿಯೊಳಗಿದ್ದರೆ ತೆರಿಗೆ ಬರಲಿಕ್ಕಿಲ್ಲ, ರಿಟರ್ನಿನಲ್ಲಿ ತೋರಿಸುವುದು ತಪ್ಪುವುದಿಲ್ಲ.

ಜಿಎಸ್‌ಟಿ: ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟದಿದ್ದರೆ ನೋಂದಣಿ ಬೇಡ. ಕೊಟ್ಟವರಿಗೆ ತೆರಿಗೆ ರಿಯಾಯಿತಿ ಕೊಡಿಸುವ 80ಜಿ ರಶೀದಿ ಕೊಡುತ್ತೇವೆ ಅಂತ ಮಾತ್ರ ಹೇಳಬೇಡಿ. ಅದು ಮಾನ್ಯತೆ ಪಡೆದ ಟ್ರಸ್ಟು, ಸಂಘಗಳಿಗೆ, ವ್ಯಕ್ತಿಗೆ ಇಲ್ಲ.

ಹೊರದೇಶದ ದುಡ್ಡು. ನಮ್ಮ ಜಿಲ್ಲೆಯವರು ಅಮೆರಿಕ, ಗಲ್ಫ್ ಎಲ್ಲ ಕಡೆ ಇದ್ದಾರೆ, ಕೇಳಿದ ಕೂಡಲೇ ಕಳಿಸುವವರೂ ಅವರೇ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದರೆ ತೊಂದರೆ ಇಲ್ಲ. ಆ ದೇಶದ ಪೌರತ್ವ ಪಡೆದವರು ಸ್ವಂತ ಅಣ್ಣನ ಮಗನ ಹಾಗಿದ್ದರೂ ಕಾನೂನಿನ ಕಣ್ಣಿಗೆ ವಿದೇಶಿ ಮೂಲ. ಸಾಂಸ್ಕೃತಿಕ ಕೆಲಸಕ್ಕೆ ಅವರಿಂದ ವಂತಿಗೆ ಪಡೆಯಲು 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯಿದೆಯಡಿ ನೋಂದಣಿ ಇಲ್ಲವೇ ಮುಂಗಡ ಅನುಮತಿ ಬೇಕು. ಫಾರಂನಲ್ಲಿ "ನೀವು ಭಾರತದ ಪ್ರಜೆಯೇ" ಎಂಬ ಒಂದು ಪ್ರಶ್ನೆ ಇಟ್ಟು, ಅಲ್ಲ ಅಂದವರಿಗೆ ಕೈಮುಗಿದು ಬಿಡಿ.

ತದಡಿ ದೋಣಿ:

ನಾಯ್ಕರೆ, ಇಷ್ಟಿದೆ ಅಂತ ಗೊತ್ತಿರಲಿಲ್ಲ. ಕ್ಯೂಆರ್ ತೆಗೆಯಲಿಕ್ಕೆ ಹೇಳಿದ್ದೇನೆ. ಎರಡು ಸಂಶಯ ಉಳಿದವು. ಗುರಿ ಮುಟ್ಟದಿದ್ದರೆ ಬಂದ ದುಡ್ಡು ಏನು ಮಾಡುವುದು? ಮತ್ತೆ, ಇದೆಲ್ಲ ತಲೆಬಿಸಿಯೇ ಬೇಡ ಅಂತ ಯೂಟ್ಯೂಬಿನ ಸೂಪರ್ ಥ್ಯಾಂಕ್ಸ್ (ವಿಡಿಯೊ ಕೆಳಗಿನ ಗುಂಡಿ ಒತ್ತಿ ದುಡ್ಡು ಕೊಡುವುದು), ಸದಸ್ಯತ್ವದಿಂದಲೇ ಎತ್ತಿದರೆ?

ಬೈತಖೋಲ ಗಾಳಿ:

ಯೂಟ್ಯೂಬಿನದ್ದು ತಲೆಬಿಸಿ ಕಡಿಮೆ, ಸೋರಿಕೆ ಜಾಸ್ತಿ. ಕೊಟ್ಟದ್ದರಲ್ಲಿ ತೆರಿಗೆ ಕಳೆದು ಉಳಿದದ್ದರಲ್ಲಿ 70 ಶೇಕಡಾ ಚಾನೆಲ್ಲಿಗೆ. ನೂರು ರೂಪಾಯಿಯಲ್ಲಿ 18 ಶೇಕಡಾ ಜಿಎಸ್‌ಟಿ ಸೇರಿದೆ ಅಂತಿಟ್ಟುಕೊಂಡರೆ ಕೈಗೆ ಬರುವುದು 59 ಚಿಲ್ಲರೆ. ಐಫೋನಿನ ಆ್ಯಪ್‌ನಿಂದ ಕೊಟ್ಟರೆ ಇನ್ನೂ ಕಡಿಮೆ. 3,12,400 ಕೈಗೆ ಬರಬೇಕಾದರೆ ಜನ ಐದೂಕಾಲು ಲಕ್ಷ ಕೊಡಬೇಕು. ಯುಪಿಐಯಲ್ಲಿ ನೇರ ಬಂದರೆ ನೂರಕ್ಕೆ ನೂರು. ನಡುವೆ ಪಾವತಿ ಗೇಟ್‌ವೇ, ಅಂದರೆ ದುಡ್ಡು ಪಡೆದು ನಿಮ್ಮ ಖಾತೆಗೆ ಹಾಕುವ ಕಂಪನಿ, ಇಟ್ಟುಕೊಂಡರೆ ಸಾಮಾನ್ಯವಾಗಿ 2 ಶೇಕಡಾ, ಅದರ ಮೇಲೆ ಜಿಎಸ್‌ಟಿ, ಒಟ್ಟು 2.36.

ಸದಸ್ಯತ್ವ ತಿಂಗಳ ಸಂಬಳದ ಹಾಗೆ, ಒಂದು ಕೆಲಸಕ್ಕೆ ಹೊಂದುವುದಿಲ್ಲ. ತಿಂಗಳು ತಿಂಗಳು ಏನಾದರೂ ವಿಶೇಷ ಕೊಡುತ್ತೇವೆ ಅಂತ ಒಪ್ಪಿಕೊಂಡಿರುತ್ತೀರಿ. ಹಾಡಿನ ಕೆಲಸ ಬಿಟ್ಟು ಸದಸ್ಯರಿಗೆ ವಿಡಿಯೊ ಮಾಡುವುದೇ ಕೆಲಸವಾಗುತ್ತದೆ.

ಗುರಿ ಮುಟ್ಟದಿದ್ದರೆ ಎಂಬ ಪ್ರಶ್ನೆ ದುಡ್ಡು ಬರುವುದಕ್ಕೆ ಮೊದಲೇ ಕೇಳಿಕೊಳ್ಳಬೇಕಾದ್ದು. ಮೊದಲು ಮಾತು ಮಾತ್ರ ತೆಗೆದುಕೊಳ್ಳಿ: ಒಂದು ಫಾರಂ, ಎಷ್ಟು ಕೊಡಬಲ್ಲಿರಿ, ವಾಟ್ಸಾಪ್ ನಂಬರ್. ಮಾತು ಕೊಟ್ಟವರೆಲ್ಲ ಕೊಡುವುದಿಲ್ಲ, ಅದು ಮನುಷ್ಯ ಸಹಜ. ಗುರಿಯ ಒಂದೂವರೆ ಪಟ್ಟು ಮಾತು ಬಂದ ಮೇಲೆ ಕ್ಯೂಆರ್ ಕಳಿಸಿ, ಹತ್ತು ದಿನದ ಗಡುವು ಇಡಿ. ಆಮೇಲೂ ಕಡಿಮೆಯಾದರೆ ಏನು ಅಂತ ಮೊದಲೇ ಬರೆದಿರಲಿ. ನನ್ನ ಪ್ರಕಾರ ಎರಡು ಗೆರೆ ಸಾಕು. ಒಂದೂವರೆ ಲಕ್ಷಕ್ಕಿಂತ ಕಡಿಮೆ ಬಂದರೆ ಎಲ್ಲರಿಗೂ ವಾಪಸ್. ಅದಕ್ಕಿಂತ ಹೆಚ್ಚು ಬಂದು ಗುರಿ ಮುಟ್ಟದಿದ್ದರೆ ಸುಗ್ಗಿಯ ಕಂತು ಮಾತ್ರ. ಯುಪಿಐಯಲ್ಲಿ ವಾಪಸ್ ಕಳಿಸುವುದು ಒಬ್ಬೊಬ್ಬರಿಗೇ ಕೈಯಾರೆ, ಮುನ್ನೂರು ಜನ ಇದ್ದರೆ ಎರಡು ಮೂರು ದಿನದ ಕೆಲಸ, ಬ್ಯಾಂಕಿನ ದಿನದ ಮಿತಿಯೂ ಅಡ್ಡ ಬರುತ್ತದೆ. ಗೇಟ್‌ವೇ ಮೂಲಕ ಬಂದದ್ದಾದರೆ ಗುಂಡಿ ಒತ್ತಿದರೆ ಹೋಗುತ್ತದೆ, ಆದರೆ ಅವರ ಶುಲ್ಕ ವಾಪಸ್ ಬರುವುದಿಲ್ಲ, ಅದು ನಿಮ್ಮ ಕೈಯಿಂದ.

ಟಿ-ಶರ್ಟು, ಪೆನ್‌ಡ್ರೈವ್ ಕೊಡುತ್ತೇವೆ ಅಂತ ಹೊರಡಬೇಡಿ. 500 ಕೊಟ್ಟವನಿಗೆ 250ರ ಪೆನ್‌ಡ್ರೈವ್, ಡಬ್ಬಿ, ಅಂಚೆ ಸೇರಿ 330 ಹೋದರೆ ಕೆಲಸಕ್ಕೆ ಉಳಿಯುವುದು 170. ಅಳತೆ ತಪ್ಪಿದ ಟಿ-ಶರ್ಟಿನ ಬೈಗುಳ ಬೇರೆ. ಕೊನೆಯ ಪಟ್ಟಿಯಲ್ಲಿ ಹೆಸರು, ಅದೂ ಬೇಕು ಅಂದವರದ್ದು ಮಾತ್ರ.

ಒಬ್ಬರಿಂದ ಗರಿಷ್ಠ 2,000 ಅಂತ ಮಿತಿ ಹಾಕಿ. ಲೈವ್ ಮಾಡಿ "ಇಂಥವರು ಐದು ಸಾವಿರ ಕೊಟ್ರು, ಮತ್ಯಾರು" ಅಂತ ಹರಾಜು ಕೂಗುವುದು ಬೇಡವೇ ಬೇಡ. ನೋಡುವವರಲ್ಲಿ ಅಪ್ಪನ ಫೋನ್ ಹಿಡಿದ ಹೈಸ್ಕೂಲ್ ಹುಡುಗರೂ ಇರುತ್ತಾರೆ. ಚಾನೆಲ್‌ನವನನ್ನು ಅವರು ಅಣ್ಣ ಅಂದುಕೊಂಡಿರುತ್ತಾರೆ, ಅವನಿಗೆ ಅವರು ಯಾರು ಅಂತಲೇ ಗೊತ್ತಿರುವುದಿಲ್ಲ. ಅಭಿಮಾನಿಗಳ ಹತ್ತಿರ ಕೇಳುವಾಗ ಕೈ ನಡುಗಬೇಕಾದ್ದು ಇಲ್ಲೇ.

ಗುಮಟೆ:

ಎಲ್ಲರೂ ಕೊಡುವವರ ಬಗ್ಗೆ ಬರೆದಿದ್ದೀರಿ. ಹಾಡುವವರನ್ನು ಯಾರಾದರೂ ಕೇಳಿದ್ದಾರಾ? 2017ರಲ್ಲಿ ಪದ್ಮಶ್ರೀ ಪಡೆದ ಹಾಲಕ್ಕಿ ಹಾಡುಗಾರ್ತಿ, ಬಡಗೇರಿಯ ಸುಕ್ರಿ ಬೊಮ್ಮಗೌಡರು 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಆಮೇಲೆ ಕ್ಯಾಮೆರಾ ಹಿಡಿದು ಬರುವವರಿಗೆ ಅವಸರ ಜಾಸ್ತಿ. ಅವಸರಕ್ಕೆ ಅರ್ಥ ಇದೆ, ಆದರೆ ಒಪ್ಪಿಗೆ ಇಲ್ಲದ ಅವಸರ ಬೇಡ.

ಪರಂಪರೆಯ ಹಾಡಿಗೆ ಒಬ್ಬ ಕವಿ ಇಲ್ಲದಿರಬಹುದು, ಹಾಡಿದವಳಿಗೆ ಹಕ್ಕಿದೆ. 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ ಪ್ರದರ್ಶಕರ ಹಕ್ಕು ಅಂತ ಬರುತ್ತದೆ, ಅವಧಿ 50 ವರ್ಷ. ಒಪ್ಪಿಗೆ ಇಲ್ಲದೆ ಧ್ವನಿಮುದ್ರಿಸುವಂತಿಲ್ಲ. ಇಂಗ್ಲಿಷ್ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಒಪ್ಪಿಗೆ ಅಲ್ಲ. ಕ್ಯಾಮೆರಾ ಮುಂದೆಯೇ ಅವರ ಮಾತಿನಲ್ಲಿ ಹೇಳಿ: ಇದು ಎಲ್ಲಿ ಕಾಣುತ್ತದೆ, ಇದರಿಂದ ದುಡ್ಡು ಬಂದರೆ ಯಾರಿಗೆ, ಬೇಡ ಅನಿಸಿದರೆ ತೆಗೆಸುವುದು ಹೇಗೆ. ಅವರು ಹೂಂ ಅಂದದ್ದೂ ಅದರಲ್ಲೇ ಇರಲಿ. ಹೊರಗಿನವರ ಮುಂದೆ ಬೇಡ ಅಂತ ಅವರು ಹೇಳಿದ ಹಾಡನ್ನು ರೆಕಾರ್ಡ್ ಮಾಡಿ ಅವರಿಗೇ ಕೊಡಿ, ಯೂಟ್ಯೂಬಿಗೆ ಬೇಡ.

ಗೌರವಧನ ಆ ದಿನವೇ, ಅವರವರ ಕೈಗೆ. ಒಬ್ಬರ ಖಾತೆಗೆ ಒಟ್ಟಿಗೆ ಹಾಕಿ "ಹಂಚಿಕೊಳ್ಳಿ" ಅಂದರೆ ಕೇರಿಯೊಳಗೆ ಜಗಳ ಹಚ್ಚಿ ಬಂದ ಹಾಗೆ. ಎಂಟು ದಿನ ಕೂಲಿ ಬಿಟ್ಟು ಕೂರುತ್ತಾರೆ ಅನ್ನುವುದು ನೆನಪಿರಲಿ. ಮಾಣಿಯವರು 1,000 ಬರೆದದ್ದು ಅದಕ್ಕೇ ಇರಬೇಕು.

ಬಹಳ ಜನಕ್ಕೆ ತಿಳಿಯದ ಒಂದು ಅಪಾಯ: ಈ ಹಾಡುಗಳನ್ನು ವಿತರಕರ ಮೂಲಕ ಸಂಗೀತ ಆ್ಯಪ್‌ಗಳಿಗೆ ಹಾಕುವಾಗ ಯೂಟ್ಯೂಬಿನಲ್ಲಿ ಅದೇ ಧ್ವನಿ ಇರುವ ವಿಡಿಯೊಗಳನ್ನು ತಾನೇ ಹುಡುಕಿ ಹಿಡಿಯುವ ಕಂಟೆಂಟ್ ಐಡಿ ಎಂಬ ಆಯ್ಕೆ ಬರುತ್ತದೆ. ಅದಕ್ಕೆ ಟಿಕ್ ಹಾಕಿದರೆ, ನಾಳೆ ಅದೇ ಕೇರಿಯ ಹುಡುಗಿ ಈ ಧ್ವನಿಮುದ್ರಣವನ್ನು ತನ್ನ ಅಜ್ಜಿಯ ಫೋಟೊ ಜೊತೆ ಹಾಕಿದರೂ ಅವಳ ವಿಡಿಯೊದ ಮೇಲೆ ಹಕ್ಕು ಸಾಧಿಸಿ ನೋಟಿಸ್ ಹೋಗುತ್ತದೆ. ಅಜ್ಜಿಯ ಹಾಡಿಗೆ ಮೊಮ್ಮಗಳು ಕಳ್ಳಿ. ಆ ಟಿಕ್ ಹಾಕುವುದಿಲ್ಲ ಅಂತ ದುಡ್ಡು ಕೇಳುವ ವಿಡಿಯೊದಲ್ಲೇ ಹೇಳಲಿ.

ಧ್ವನಿ 48 ಕಿಲೊಹರ್ಟ್ಸ್, 24 ಬಿಟ್, ವೇವ್ ಕಡತದಲ್ಲಿರಲಿ. ಎಂಪಿ3ಯಲ್ಲಿ ಇಟ್ಟರೆ ಗುಮಟೆ ವಾದ್ಯದ ಗುಮ್ಮೆನ್ನುವ ನಾದವೂ ತಾಳದ ಚಿಳಿಚಿಳಿಯೂ ಕಲಸಿಹೋಗಬಹುದು. ಎರಡು ಹಾರ್ಡ್‌ಡಿಸ್ಕಿನಲ್ಲಿ ಒಂದು ಊರಲ್ಲಿ ಉಳಿಯಬೇಕು, ಶಾಲೆಯಲ್ಲೋ ಪಂಚಾಯ್ತಿ ಗ್ರಂಥಾಲಯದಲ್ಲೋ, ಅವರು ಹೇಳಿದ ಕಡೆ. ಕರಾವಳಿಯ ತೇವಕ್ಕೆ ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಪೊಟ್ಟಣ, ಆರು ತಿಂಗಳಿಗೊಮ್ಮೆ ಕಂಪ್ಯೂಟರಿಗೆ ಹಾಕಿ ತೆರೆದು ನೋಡುವವರು ಒಬ್ಬರು.

ತದಡಿ ದೋಣಿ:

ಚಾನೆಲ್‌ನವರಿಗೆ ಈ ಪುಟವನ್ನೇ ಕಳಿಸಿದೆ. ಡ್ರೋನ್, ಕ್ಯಾಮೆರಾ ಪಟ್ಟಿಯಿಂದ ಬಿಟ್ಟಿದ್ದಾರೆ. ಕ್ಯೂಆರ್ ಹಾಕಿದ ಮೂರು ದಿನದಲ್ಲಿ ಬಂದದ್ದು 11,650 ರೂಪಾಯಿ, ಐವತ್ತೆರಡು ಜನ. ಅದನ್ನು ವಾಪಸ್ ಕಳಿಸಲು ಶುರುಮಾಡಿದ್ದಾರೆ. ಇಬ್ಬರು "ಬೇಡ, ಇಟ್ಕೊಳ್ಳಿ" ಅಂತ ಮತ್ತೆ ಹಾಕಿದರಂತೆ, ಈಗ ಅದನ್ನೇನು ಮಾಡುವುದು?

ಪಾಸ್‌ಬುಕ್ ನಾಯ್ಕ:

ಅದನ್ನೂ ಕಳಿಸಿ. ಜೊತೆಗೆ ಬೈತಖೋಲದವರು ಹೇಳಿದ ಫಾರಂನ ಕೊಂಡಿ ಕಳಿಸಿ, ಡಿಸೆಂಬರಿನಲ್ಲಿ ಮೊದಲ ಮಾತು ಅವರದ್ದೇ ಇರಲಿ.